ಅಡಯಾರು ದಾಟಿದ ಸುದ್ದಿ

ಚೆನ್ನೈಗೆ ನೆಂಟರು ಬಂದರೆ ಅವರಿಗೆ ಸಮುದ್ರ ತೋರಿಸುವುದು ಇಲ್ಲಿನ ವಾಡಿಕೆ. ಮೆರೀನಾದ ಮರಳು, ದೀಪಸ್ತಂಭ, ಮೈಲಾಪುರದ ಕಪಾಲೀಶ್ವರ, ತ್ಯಾಗರಾಯನಗರದ ಸೀರೆ ಅಂಗಡಿ, ಇಷ್ಟಾದರೆ ಊರು ನೋಡಿ ಮುಗಿಯಿತು. ಈ ಊರಿನೊಳಗೆ ಒಂದು ನದಿಯೂ ಇದೆಯೆಂದು ಯಾರೂ ಹೇಳುವುದಿಲ್ಲ. ಸೈದಾಪೇಟೆಯ ಸೇತುವೆಯ ಮೇಲೆ ದಿನವೂ ಓಡಾಡುವವರಿಗೆ ಕೂಡ, ಮೂಗಿಗೆ ಕೈವಸ್ತ್ರ ಹಿಡಿಯುವಾಗ ಮಾತ್ರ ಅಡಯಾರಿನ ನೆನಪಾಗುತ್ತದೆ. ನಾನು ಸಾಗರದ ಕಡೆಯವನು. ಶರಾವತಿಯನ್ನು ಕಂಡು ಬೆಳೆದವನು. ಇದನ್ನು ನದಿಯೆಂದು ಒಪ್ಪಲು ನನಗೆ ಮನಸ್ಸಿರಲಿಲ್ಲ. 2015ರ ಡಿಸೆಂಬರಿನಲ್ಲಿ ಅದು ತಾನೇ ಒಪ್ಪಿಸಿತು.

ಆಗ ನಾನು ನುಂಗಂಬಾಕ್ಕಂನ ಒಂದು ಸರ್ಕಾರಿ ಕಛೇರಿಗೆ ಗುಮಾಸ್ತನಾಗಿ ಸೇರಿ ಮೂರು ವರ್ಷವಾಗಿತ್ತು. ಬಾಡಿಗೆ ಮನೆ ನಂಗನಲ್ಲೂರಿನಲ್ಲಿ, ಮೂವತ್ತೆರಡು ಅಡಿ ಎತ್ತರದ ಆಂಜನೇಯನ ಗುಡಿಗೆ ಹತ್ತು ನಿಮಿಷದ ದಾರಿ. ಬೆಳಿಗ್ಗೆ ಪಳವಂತಾಂಗಲ್ ನಿಲ್ದಾಣದಲ್ಲಿ ಲೋಕಲ್ ರೈಲು ಹತ್ತುವುದು, ಸಂಜೆ ಅಲ್ಲಿಯೇ ಇಳಿಯುವುದು. ಮನೆಗೂ ಕಛೇರಿಗೂ ನಡುವೆ ಅಡಯಾರು. ಮನೆಯಲ್ಲಿ ಹೆಂಡತಿ, ಎರಡು ವರ್ಷದ ಮಗಳು. ದೀಪಾವಳಿ ಮುಗಿಸಿಕೊಂಡು ಊರಿನಿಂದ ಬಂದಿದ್ದ ಅಮ್ಮ.

ಆ ವರ್ಷದ ನವೆಂಬರ್ ತಿಂಗಳೊಂದರಲ್ಲೇ ಚೆನ್ನೈಗೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದಿತ್ತು. ಕೆರೆಗಳೆಲ್ಲ ತುಂಬಿ ನಿಂತಿದ್ದವು. ಡಿಸೆಂಬರ್ 1, ಮಂಗಳವಾರ, ಮಳೆ ಮತ್ತೆ ಹಿಡಿಯಿತು. ಮರುದಿನ ಬೆಳಗಿನವರೆಗಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ತಾಂಬರಂನಲ್ಲಿ 49 ಸೆಂಟಿಮೀಟರ್ ಸುರಿದಿತ್ತೆಂದು ಆಮೇಲೆ ತಿಳಿಯಿತು. ಚೆಂಬರಂಬಾಕ್ಕಂ ಕೆರೆಯಿಂದ ಸೆಕೆಂಡಿಗೆ ಸುಮಾರು 29,000 ಘನ ಅಡಿ ನೀರನ್ನು ಅಡಯಾರಿಗೆ ಬಿಟ್ಟರು. ಸಂಜೆಗೆ ರೈಲು ನಿಂತಿತು. ನಾವು ಏಳು ಜನ ಕಛೇರಿಯಲ್ಲೇ ಉಳಿದೆವು. ಹಳೆಯ ಕಡತದ ಕಟ್ಟುಗಳನ್ನು ತಲೆಗೆ ಇಟ್ಟು ಮಲಗಿದ್ದು ನನ್ನ ನೌಕರಿಯಲ್ಲಿ ಅದೇ ಮೊದಲು.

ಮಧ್ಯಾಹ್ನ ಮನೆಗೆ ಫೋನು ಮಾಡಿದಾಗ ಹೆಂಡತಿ, “ಬೀದಿಯಲ್ಲಿ ಮೊಣಕಾಲುದ್ದ ನೀರಿದೆ, ನೀವು ಬೇಗ ಹೊರಡಿ” ಎಂದಿದ್ದಳು. ಆಮೇಲೆ ಸಂಪರ್ಕವೇ ಸಿಗಲಿಲ್ಲ. ಎಂಟು ಗಂಟೆಯ ಹೊತ್ತಿಗೆ ಮೊಬೈಲಿನ ಸಿಗ್ನಲ್ ಹೋಯಿತು. ಗೋಪುರಗಳಿಗೂ ವಿದ್ಯುತ್ತು ಬೇಕಲ್ಲ. ಅವುಗಳ ಬ್ಯಾಟರಿ ಕೆಲವು ಗಂಟೆ ಬಂದೀತು, ಆಮೇಲೆ ಡೀಸೆಲ್ ತರುವವನಿಗೆ ದಾರಿ ಇರಬೇಕು. ಸಿಗ್ನಲ್ ಹುಡುಕಿ ಹುಡುಕಿ ನನ್ನ ಫೋನಿನ ಬ್ಯಾಟರಿಯೂ ಮುಗಿಯಿತು.

ಬುಧವಾರ ಬೆಳಿಗ್ಗೆ ಮಳೆ ತುಸು ಬಿಟ್ಟಿತು. ಪತ್ರಿಕೆ ಬರಲಿಲ್ಲ. ‘ದಿ ಹಿಂದು’ 1878ರಲ್ಲಿ ಆರಂಭವಾದಂದಿನಿಂದ ಮಳೆಯ ಕಾರಣ ಅಚ್ಚಾಗದೆ ನಿಂತದ್ದು ಅಂದೇ ಮೊದಲಂತೆ. ನಾನು ಷರಾಯಿ ಮಡಿಚಿಕೊಂಡು ಮನೆಯ ದಿಕ್ಕಿಗೆ ನಡೆಯತೊಡಗಿದೆ. ವಳ್ಳುವರ್ ಕೋಟ್ಟಂ, ಪಾನಗಲ್ ಪಾರ್ಕು, ವೆಂಕಟನಾರಾಯಣ ರಸ್ತೆ, ನಂದನಂ. ಬೇರೆ ದಿನಗಳಲ್ಲಿ ಜನ ತುಳುಕುವ ಬೀದಿಗಳು. ಅಂದು ಅಂಗಡಿಗಳು ಮುಚ್ಚಿದ್ದವು. ಹಾಲಿನ ಪೊಟ್ಟಣ ಮಾರುವವನ ಸುತ್ತ ಮಾತ್ರ ಗುಂಪು.

ಸೈದಾಪೇಟೆಯಲ್ಲಿ ಪೊಲೀಸರು ದಾರಿಗೆ ಅಡ್ಡ ಹಗ್ಗ ಕಟ್ಟಿದ್ದರು. ಎದುರಿಗೆ ಸೇತುವೆಯ ಮೇಲೆಯೇ ನದಿ ಹರಿಯುತ್ತಿತ್ತು. ಕೆಂಪು ನೀರು, ಅದರಲ್ಲಿ ತೇಲಿಬರುವ ಗುಡಿಸಲಿನ ಸೋಗೆ, ಪ್ಲಾಸ್ಟಿಕ್ ಕೊಡ, ಒಂದು ಮರದ ಬೆಂಚು. ದಂಡೆಯ ಮೇಲೆ ನೂರಾರು ಜನ ಸುಮ್ಮನೆ ನಿಂತಿದ್ದರು. ಆಚೆ ದಡದಲ್ಲೂ ಹಾಗೆಯೇ ಜನ. ಎಲ್ಲರ ಕೈಯಲ್ಲೂ ಮೊಬೈಲು ಇತ್ತು, ಒಬ್ಬರೂ ಮಾತನಾಡುತ್ತಿರಲಿಲ್ಲ. ಮನೆ ಅಲ್ಲಿಂದ ಎರಡು ಗಾವುದವೂ ಇಲ್ಲ. ಆದರೆ ಆ ಗಳಿಗೆಯಲ್ಲಿ ನನಗೆ ಸಾಗರವೇ ಹತ್ತಿರವೆನಿಸಿತು.

ಹಿಂದಿರುಗುವಾಗ ತ್ಯಾಗರಾಯನಗರದ ಒಂದು ಅಡ್ಡಬೀದಿಯಲ್ಲಿ ಔಷಧಿ ಅಂಗಡಿಯ ಮುಂದೆ ಸಾಲು ಕಂಡಿತು. ಮುದುಕರಾದ ಯಜಮಾನರು ಹಳೆಯ ಕಪ್ಪು ಟೆಲಿಫೋನನ್ನು ಗಲ್ಲದ ಮೇಲಿಟ್ಟು, ಬಂದವರಿಗೆಲ್ಲ ಎರಡೆರಡು ನಿಮಿಷ ಕೊಡುತ್ತಿದ್ದರು. ಬೀದಿಯಲ್ಲಿ ವಿದ್ಯುತ್ತಿಲ್ಲ, ಅಂಗಡಿಯೊಳಗೆ ಮೇಣದ ಬತ್ತಿ; ಆದರೂ ಫೋನಿಗೆ ಜೀವವಿತ್ತು. ತಾಮ್ರದ ತಂತಿಯ ಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿಯಿಂದ ಅದೇ ತಂತಿಯಲ್ಲಿ ಬರುತ್ತದೆಂದು ಅವರೇ ವಿವರಿಸಿದರು.

ನನ್ನ ಸರದಿ ಬಂತು. ರಿಸೀವರು ಕೈಗೆತ್ತಿಕೊಂಡೆ, ಬೆರಳು ಅಲ್ಲಿಯೇ ನಿಂತಿತು. ಹೆಂಡತಿಯ ನಂಬರು ನನಗೆ ಬರುತ್ತಿರಲಿಲ್ಲ! ಮೂರು ವರ್ಷ ದಿನಕ್ಕೆ ನಾಲ್ಕು ಬಾರಿ ಅವಳ ಹೆಸರನ್ನು ಒತ್ತಿದ್ದೆನೇ ಹೊರತು ಅಂಕಿಗಳನ್ನು ಒತ್ತಿರಲಿಲ್ಲ. ಮನೆ ಮಾಲೀಕರದೂ ಗೊತ್ತಿಲ್ಲ. ಕಛೇರಿಯ ಕಡತಗಳ ಸಂಖ್ಯೆ ಬಾಯಿಪಾಠ ಇದ್ದವನಿಗೆ ಸ್ವಂತ ಮನೆಯ ಸಂಖ್ಯೆ ಇಲ್ಲ. ಹಿಂದಿನವರು ಕೆಮ್ಮಿದರು. ಆಗ ತಲೆಗೆ ಬಂದದ್ದು ಒಂದೇ ನಂಬರು. ಹೈಸ್ಕೂಲಿನ ದಿನಗಳಿಂದ ತಿರುಗಿಸಿದ, ಸಾಗರದ ಹತ್ತಿರದ ಹಳ್ಳಿಯಲ್ಲಿರುವ ಅಕ್ಕನ ಮನೆಯದು. ಮಲೆನಾಡಿನ ಆ ಮೂಲೆಗೆ ಮೊಬೈಲಿನ ಸಿಗ್ನಲ್ ಇಲ್ಲದ್ದರಿಂದ ಅಲ್ಲಿ ತಂತಿಯ ಫೋನು ಉಳಿದಿತ್ತು.

ಒಂದೇ ಗಂಟೆಗೆ ಅಕ್ಕ ಎತ್ತಿದಳು.

“ತಮ್ಮಾ, ಎಲ್ಲಿದೀಯೋ? ಸರಿಯಾಗಿದೀಯಾ? ನಿನ್ನೆ ರಾತ್ರಿ ಒಂಬತ್ತೂವರೆಗೆ ನಿನ್ನ ಹೆಂಡ್ತಿ ಮಾಡಿದ್ಲು. ಮನೆಯೊಳಗೆ ನೀರು ಬಂದಿದೆಯಂತೆ. ಮೂರು ಜನಾನೂ ಮಾಲೀಕರ ಮನೆಗೆ, ಮಹಡಿಗೆ ಹೋಗಿದಾರೆ. ಮಗು ನಿದ್ದೆ ಮಾಡಿದೆಯಂತೆ. ನೀನು ಫೋನು ಮಾಡಿದ್ರೆ ಹೇಳು ಅಂದ್ಲು.”

ನನಗೆ ಮಾತು ಹೊರಡಲಿಲ್ಲ. ಯಜಮಾನರು ನನ್ನ ಮುಖ ನೋಡಿ ಇನ್ನೊಂದು ನಿಮಿಷ ಕೊಟ್ಟರು. ಮಾಲೀಕರ ನಂಬರನ್ನು ಅಕ್ಕ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡಿದ್ದಳು. ಅದನ್ನು ಬರೆದುಕೊಂಡು, ಸಾಲಿನ ತುದಿಗೆ ಹೋಗಿ ಮತ್ತೆ ಬಂದು ತಿರುಗಿಸಿದೆ. ನದಿಯಾಚೆಗೆ ಕರೆ ಹೋಗಲೇ ಇಲ್ಲ. ಆದರೆ ಸಾಗರದಿಂದ ಅಕ್ಕನಿಗೆ ಆ ರಾತ್ರಿ ಅದೇ ನಂಬರು ಸಿಕ್ಕಿತು. “ನಾಳೆ ಬರುತ್ತೇನೆ” ಎಂಬ ನನ್ನ ಮಾತು ಹೀಗೆ ಮಲೆನಾಡನ್ನು ಸುತ್ತಿಕೊಂಡು ಅಡಯಾರು ದಾಟಿತು.

ಗುರುವಾರ ವಡಪಳನಿಯಿಂದ ಮೆಟ್ರೋ ಹಿಡಿದೆ. ಕೋಯಂಬೇಡಿನಿಂದ ಆಲಂದೂರಿನವರೆಗಿನ ಆ ಎತ್ತರದ ಹಳಿ ಶುರುವಾಗಿ ಆಗಿನ್ನೂ ಐದು ತಿಂಗಳು. ಈಕ್ಕಾಟ್ಟುತಾಂಗಲ್ ಕಳೆದೊಡನೆ ಕೆಳಗೆ ನದಿ ಕಂಡಿತು. ಡಬ್ಬಿಯಲ್ಲಿದ್ದವರೆಲ್ಲ ಎದ್ದು ಕಿಟಕಿಗೆ ಬಂದರು. ಎರಡೂ ಕಡೆ ಮನೆಗಳ ಮಹಡಿಯಲ್ಲಿ ಜನ, ಒಣಹಾಕಿದ ಹಾಸಿಗೆ. ಆಲಂದೂರಿನಲ್ಲಿ ಇಳಿದು ಕೆಸರಿನಲ್ಲಿ ನಡೆದೆ.

ಅಮ್ಮ ಮಹಡಿಯ ಮೆಟ್ಟಿಲ ಮೇಲೆ ಕುಳಿತಿದ್ದರು. “ಏನಾದ್ರೂ ತಿಂದ್ಯಾ?” ಎಂದು ಮಾತ್ರ ಕೇಳಿದರು. ನಡೆದದ್ದನ್ನು ಹೆಂಡತಿ ಹೇಳಿದಳು. ಅವಳಿಗೂ ಯಾರ ನಂಬರೂ ಬಾಯಿಗೆ ಬಂದಿರಲಿಲ್ಲ. ಅಮ್ಮನ ಕೈಚೀಲದಲ್ಲಿ ಒಂದು ಪುಟ್ಟ ಡೈರಿ ಇತ್ತು, ಹಾಲಿನ ಲೆಕ್ಕ, ಶ್ರಾದ್ಧದ ತಿಥಿ, ನೆಂಟರ ನಂಬರು ಎಲ್ಲ ಸೇರಿದ್ದು. “ಈ ಕಾಲದಲ್ಲಿ ಇದೆಲ್ಲ ಯಾಕಮ್ಮ?” ಎಂದು ನಾನು ನಕ್ಕದ್ದೂ ಉಂಟು. ನನ್ನ ಫೋನು ಸಿಗದಿದ್ದಾಗ ಅಮ್ಮ ಅದನ್ನು ತೆಗೆದು, “ಅವನಿಗೆ ಏನೇ ಆದ್ರೂ ಅಕ್ಕನ ಮನೆಗೇ ಮಾಡ್ತಾನೆ. ಅಲ್ಲಿಗೆ ಹೇಳಿಡು” ಎಂದರಂತೆ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಏರ್ಪಾಡು ಇದೆ. ಹೊರನಾಡಿನಲ್ಲಿರುವ ಕನ್ನಡಿಗರಿಗೆ ಉಪಯೋಗವಾದೀತೆಂದು ಹೇಳುತ್ತೇನೆ. ಊರಿಂದಾಚೆಯ ಒಬ್ಬರನ್ನು ನಡುವಿನವರೆಂದು ಗೊತ್ತುಮಾಡಿ, ಚದರಿದವರೆಲ್ಲ ಅವರಿಗೇ ತಿಳಿಸಬೇಕು. ಮುಳುಗಿದ ಊರಿನೊಳಗಿನ ಇಬ್ಬರು ಒಬ್ಬರನ್ನೊಬ್ಬರು ಹುಡುಕುವುದಕ್ಕಿಂತ ಒಣನೆಲದಲ್ಲಿ ಕೂತವರನ್ನು ಹುಡುಕುವುದು ಸುಲಭ. ನಂಬರುಗಳು ಕಾಗದದ ಮೇಲಿದ್ದು ಪ್ರತಿಯೊಬ್ಬರ ಚೀಲದಲ್ಲೂ ಇರಬೇಕು. ಕರೆ ಹೋಗದಿದ್ದರೆ ಎಸ್ಸೆಮ್ಮೆಸ್ ಕಳಿಸಬೇಕು. ಅದಕ್ಕೆ ಜಾಗ ಕಡಿಮೆ ಸಾಕು, ದಾರಿ ಸಿಗುವವರೆಗೆ ಕಾದು ಹೋಗುತ್ತದೆ. ಒಂದು ಸಂದೇಶದಲ್ಲಿ ಕನ್ನಡ ಲಿಪಿಯಾದರೆ 70 ಅಕ್ಷರ, ಇಂಗ್ಲಿಷ್ ಲಿಪಿಯಾದರೆ 160. ಅಂಥ ಹೊತ್ತಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಭುವನೇಶ್ವರಿ ಮುನಿಯಲಾರಳು. ಏನೂ ಸಿಗದಿದ್ದರೆ ಸೇರುವ ಜಾಗ ಎರಡು: ನದಿಯ ಈಚೆ ಆಂಜನೇಯನ ಗುಡಿ, ಆಚೆ ಪಾನಗಲ್ ಪಾರ್ಕಿನ ಬಾಗಿಲು.

ಹಿಂದಿನವರಿಗೆ ತಂತಿಯಿತ್ತು. 2013ರ ಜುಲೈಯಲ್ಲಿ ಅದೂ ನಿಂತಿತು. ಇನ್ನು ಉಳಿದದ್ದರಲ್ಲಿ ಹ್ಯಾಮ್ ಎಂಬ ಹವ್ಯಾಸಿ ರೇಡಿಯೋ ದೊಡ್ಡದು. ಗೋಪುರ ಬೇಡ, ಎಕ್ಸ್‌ಚೇಂಜು ಬೇಡ. ಒಂದು ಬ್ಯಾಟರಿ, ಒಂದು ಏರಿಯಲ್ ಸಾಕು. 2004ರ ಡಿಸೆಂಬರ್ 26ರ ಸುನಾಮಿಯ ದಿನ, ಈಗ ಶ್ರೀವಿಜಯಪುರಂ ಎನಿಸಿರುವ ಪೋರ್ಟ್ ಬ್ಲೇರಿನಲ್ಲಿ ಹವ್ಯಾಸಿಗಳ ತಂಡದೊಡನೆ ಇದ್ದ ಭಾರತಿ ಪ್ರಸಾದ್ ಅವರು ಅಂಡಮಾನಿನಲ್ಲಿ ಸಿಕ್ಕಿಕೊಂಡವರ ಕ್ಷೇಮಸಮಾಚಾರವನ್ನು ರೇಡಿಯೋ ಮೂಲಕವೇ ದೇಶಕ್ಕೆ ಮುಟ್ಟಿಸಿದರು. ಇದಕ್ಕೆ ಸರ್ಕಾರದ ಪರೀಕ್ಷೆ, ಪರವಾನಗಿ ಬೇಕು. ನಮ್ಮ ಸಂಘದ ಹುಡುಗರಲ್ಲಿ ಇಬ್ಬರು ಕಲಿತರೂ ಲಾಭವೇ.

ಏರ್ಪಾಡಿಗೆ ಪರೀಕ್ಷೆ ಬಂದದ್ದು 2023ರ ಡಿಸೆಂಬರ್ 4ರಂದು, ಮಿಚಾಂಗ್ ಚಂಡಮಾರುತದ ದಿನ. ಹೆಂಡತಿ, ಮಗಳು ಹಿಂದಿನ ದಿನ ಒಂದು ಸಮಾರಂಭಕ್ಕೆಂದು ವೇಳಚ್ಚೇರಿಗೆ ಹೋಗಿ ಅಲ್ಲಿಯೇ ಸಿಕ್ಕಿಕೊಂಡರು. ಮಧ್ಯಾಹ್ನದೊಳಗೆ ಇಬ್ಬರ ಫೋನೂ ಸತ್ತವು. ಅಷ್ಟರಲ್ಲಿ ಅಕ್ಕನ ಮನೆಯ ತಂತಿಯ ಫೋನು ಹೋಗಿ ಹೊಸ ನಂಬರು ಬಂದಿತ್ತು. ಹೆಂಡತಿಯ ಚೀಟಿಯಲ್ಲಿ ಇದ್ದದ್ದು ಹಳೆಯದು! ತಿದ್ದಬೇಕಾದವನು ನಾನು, ತಿದ್ದಿರಲಿಲ್ಲ. ಹತ್ತು ವರ್ಷದ ಮಗಳು ಅತ್ತೆಯೊಡನೆ ರಜೆಯಲ್ಲಿ ಮಾತಾಡಿ ಮಾತಾಡಿ ಹೊಸದನ್ನು ಬಾಯಿಪಾಠ ಮಾಡಿದ್ದಳು. ಪಕ್ಕದ ಮನೆಯವರ ಫೋನಿನಿಂದ ಅತ್ತೆಗೆ ಒಂದು ಎಸ್ಸೆಮ್ಮೆಸ್ ಹೋಯಿತು. ಸಂಜೆಗೆ ಅಕ್ಕನಿಂದ ನನಗೆ ತಲುಪಿತು. ಎರಡನೆಯ ಮಹಡಿಯಲ್ಲಿದ್ದೇವೆ, ಊಟ ಇದೆ, ನೀರು ಇಳಿದಮೇಲೆ ಬರುತ್ತೇವೆ, ಅಷ್ಟೆ.

ಈಗ ಪ್ರತಿ ವರ್ಷ ಆಯುಧಪೂಜೆಯ ದಿನ ಚೀಟಿಗಳನ್ನು ಹೊಸದಾಗಿ ಬರೆಯುತ್ತೇವೆ. ಅಮ್ಮ ಈಗಿಲ್ಲ. ಅವರ ಡೈರಿ ನನ್ನ ಬಳಿ ಇದೆ. ಚೀಟಿ ಬರೆಯುವಾಗ ಅದನ್ನೂ ಪೂಜೆಗೆ ಇಡುತ್ತೇವೆ. ನೀರು ತಗಲಿ ಅದರ ಅಂಚು ಉಬ್ಬಿದೆ, ಆದರೆ ಅಕ್ಷರ ಓದಲು ಬರುತ್ತದೆ. ಸೈದಾಪೇಟೆಯ ಸೇತುವೆಯ ಕೆಳಗೆ ಅಡಯಾರು ಮತ್ತೆ ಕಪ್ಪಾಗಿ, ಸಣ್ಣದಾಗಿ ಹರಿಯುತ್ತಿದೆ. ನೆಂಟರು ಬಂದಾಗ ನಾನು ಅವರನ್ನು ಅಲ್ಲಿಗೂ ಕರೆದೊಯ್ಯುತ್ತೇನೆ. ಮೂಗು ಮುಚ್ಚಿಕೊಂಡು, “ಇಲ್ಲೇನಿದೆ ನೋಡೋದಕ್ಕೆ?” ಎಂದು ಕೇಳುತ್ತಾರೆ. ನಾನು ಈ ಕಥೆ ಹೇಳಿ, ಮನೆಗೆ ಬಂದಮೇಲೆ ಅವರ ಕೈಗೂ ಒಂದು ಚೀಟಿ, ಒಂದು ಪೆನ್ನು ಕೊಡುತ್ತೇನೆ.