ಬಟ್ಟೆ ಮೇಲೆ ಊರು, ಊರ ಮೇಲೆ ಹುಣಸೆಬೀಜ



ಹೋದ ವಾರ ಹಾಕಿದ್ದ ಫೋಟೋ ನೋಡಿ ತುಂಬಾ ಜನ ಇನ್‌ಬಾಕ್ಸಿನಲ್ಲಿ ಕೇಳಿದ್ರಿ. ನೆಲದ ಮೇಲೆ ಹಾಸಿರೋ ಬಟ್ಟೆ ಏನು, ಅದರ ಮೇಲೆ ಹುಣಸೆಬೀಜ ಯಾಕೆ, ಅಜ್ಜಿ ಒಬ್ಬರು ಸಾಹೇಬರ ಥರ ಕುರ್ಚಿ ಮೇಲೆ ಕೂತು ಬೆರಳು ತೋರಿಸ್ತಿರೋದು ಯಾರಿಗೆ ಅಂತ. ಒಬ್ಬೊಬ್ಬರಿಗೂ ಉತ್ತರ ಬರೆಯೋಕಾಗಲ್ಲ. ಇಲ್ಲೇ ಬರೀತೀನಿ. ಸ್ವಲ್ಪ ಉದ್ದ ಇದೆ, ಸಹಿಸ್ಕೊಳ್ಳಿ.

ಆ ಬಟ್ಟೆ ನಮ್ಮೂರಿನ ಕಂದಾಯ ನಕ್ಷೆ. ಅಲ್ಲಿ ನಡೀತಿದ್ದದ್ದು ಆಟ. ಆಟದ ಹೆಸರು 'ಎಸಿ ಕೋರ್ಟು'.

ಈ ಯೋಚನೆ ಬಂದಿದ್ದು ಬೆಂಗಳೂರಲ್ಲಿ ಕೆಲಸ ಮಾಡೋ ನನ್ನ ಅಕ್ಕನ ಮಗನಿಂದ. ಅವನೂ ಅವನ ಸ್ನೇಹಿತರೂ ಭಾನುವಾರ ಸೇರಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅಂತ ಒಂದು ಆಟ ಆಡ್ತಾರೆ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ. ಒಬ್ಬ ಕಥೆ ನಡೆಸ್ತಾನೆ, ಉಳಿದವರು ಒಂದೊಂದು ಪಾತ್ರ ಆಗ್ತಾರೆ. ಮೇಜಿನ ಮೇಲೆ ಕಾಡು, ಕೋಟೆ, ಗವಿಗಳ ನಕ್ಷೆ ಹಾಸ್ತಾರೆ. ಈ ನಕ್ಷೆಗಳನ್ನ ಬರೆದು ಮಾರೋ ಕಲಾವಿದರೇ ಬೇರೆ ಇದ್ದಾರೆ. ನೆಟ್ಟಲ್ಲಿ ಎರಡು ಮೂರು ಡಾಲರ್ ಕೊಟ್ಟು ಫೈಲ್ ತಗೊಳ್ಳೋದು, ಎ4 ಹಾಳೆಗಳಲ್ಲಿ ತುಂಡು ತುಂಡಾಗಿ ಪ್ರಿಂಟ್ ತೆಗೆದು ಅಂಟಿಸೋದು. ಒಂದು ಅಂಗುಲದ ಚೌಕ ಅಂದ್ರೆ ಐದು ಅಡಿ ನೆಲ. ಅಳತೆ ತಪ್ಪಿದ್ರೆ ಆಟ ಕೆಡುತ್ತೆ.

"ಇಲ್ಲದೇ ಇರೋ ಊರಿನ ನಕ್ಷೆಗೆ ದುಡ್ಡು ಕೊಡ್ತೀಯಲ್ಲೋ, ಇರೋ ಊರಿನ ನಕ್ಷೆ ಸರ್ಕಾರ ಬಿಟ್ಟಿ ಕೊಡುತ್ತೆ ಗೊತ್ತಾ?" ಅಂದೆ. ನಕ್ಕ. ಆಮೇಲೆ ಸುಮ್ಮನಾಗಿ, "ತೆಗಿ ಮಾವ, ಪ್ರಿಂಟ್ ಮಾಡೋಣ" ಅಂದ.

ಭೂದಾಖಲೆಗಳ ಇಲಾಖೆಯ ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಒತ್ತಿದ್ರೆ ನಕ್ಷೆ ಪಿಡಿಎಫ್ ಆಗಿ ಇಳಿಯುತ್ತೆ. ಸರ್ವೆ ನಂಬರುಗಳು, ಗ್ರಾಮಠಾಣಾ, ಕೆರೆ, ಹಳ್ಳ, ಬಂಡಿದಾರಿ, ಕಾಲುದಾರಿ ಎಲ್ಲಾ ಅದರಲ್ಲಿದೆ. ನಮ್ಮ ಕಡೆಯ ಹಳೇ ನಕ್ಷೆಗಳ ಅಳತೆ 1:7920. ಅಂದ್ರೆ ನಕ್ಷೆಯ ಒಂದು ಅಂಗುಲ 660 ಅಡಿ ನೆಲ, ಒಂದು ಚದರಂಗುಲ ಸರಿಯಾಗಿ 10 ಎಕರೆ. ಆ ಅಳತೆಯಲ್ಲಿ ನಮ್ಮವರ ಎರಡು ಎಕರೆ ತೀರಾ ಚಿಕ್ಕದಾಗಿ ಕಾಣುತ್ತೆ. ಅದಕ್ಕೆ ಹತ್ತು ಪಟ್ಟು ಹಿಗ್ಗಿಸಿದ್ವಿ. ಆಗ ಒಂದು ಅಂಗುಲ 66 ಅಡಿ, ಅಂದ್ರೆ ಎರಡು ಸರಪಳಿ. ಒಂದು ಚದರಂಗುಲ 4 ಗುಂಟೆ. ಎರಡು ಎಕರೆ ಅಂದ್ರೆ ಒಂದು ಅಂಗೈಯಗಲ. ಐನೂರು ಎಕರೆಯ ಊರು ಆರಡಿ ಅಗಲ, ಏಳಡಿ ಉದ್ದದ ಬಟ್ಟೆಯಲ್ಲಿ ಕೂರುತ್ತೆ.

ಫ್ಲೆಕ್ಸ್ ಬೇಡ, ಬಟ್ಟೆ ಮೇಲೇ ಹಾಕಿಸಿ. ಮಡಚಿ ಜೋಳಿಗೆಗೆ ಹಾಕ್ಕೊಂಡು ಬಸ್ಸಲ್ಲಿ ಹೋಗಬಹುದು. ಅಂಗಡಿಯ ಹುಡುಗ ಅಭ್ಯಾಸದ ಮೇಲೆ ಬಟ್ಟೆಯ ಸೈಜಿಗೆ ಹಿಗ್ಗಿಸಿಬಿಡ್ತಾನೆ. ಹಂಗೆ ಬಿಡಬೇಡಿ. ಉದ್ದ ಅಗಲ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಬೇಕು. ನಕ್ಷೆಯಲ್ಲೇ ಇರೋ ಅಳತೆಪಟ್ಟಿಯ ಮೇಲೆ ಟೇಪು ಇಟ್ಟು ನೋಡಿಯೇ ದುಡ್ಡು ಕೊಡಿ. ನಮಗೆ ಪ್ರಿಂಟ್ ಮಾಡಿಕೊಟ್ಟ ಹುಡುಗ ಕೊನೆಗೆ ಕೇಳಿದ್ದು, "ಅಣ್ಣ, ಫೋಟೋ ಯಾರದು ಹಾಕ್ಲಿ?" ಬ್ಯಾನರ್ ಅಂದಮೇಲೆ ಮೂಲೇಲಿ ಒಂದು ಮುಖ ಇರಲೇಬೇಕು ಅಂತ ಅವನ ಲೆಕ್ಕ. ಬಾಬಾಸಾಹೇಬರನ್ನೂ ಹಾಕಿಸಲಿಲ್ಲ. ಅಳತೆ ಮಾತ್ರ ಇರಲಿ ಅಂದೆ.

ಈಗ ಯಾಕೆ ಆಟ ಅನ್ನೋ ವಿಚಾರ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ನಮ್ಮವರು ಮಂಜೂರಾತಿ ಜಮೀನು ವಾಪಸ್ ಕೇಳಬೇಕಂದ್ರೆ ನಿಲ್ಲಬೇಕಾದ್ದು ಹುಣಸೂರಿನ ಉಪವಿಭಾಗಾಧಿಕಾರಿ ಮುಂದೆ. ನಾವೆಲ್ಲ ಎಸಿ ಕೋರ್ಟ್ ಅನ್ನೋದು ಅದನ್ನೇ. 1978ರ ಪಿಟಿಸಿಎಲ್ ಕಾಯ್ದೆ ದೇವರಾಜ ಅರಸರ ಕಾಲದ್ದು. ಅವರೂ ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನನ್ನ ಷರತ್ತು ಮೀರಿ ಕೈ ಬದಲಾಯಿಸಿದ್ರೆ ಆ ವ್ಯವಹಾರ ಅಸಿಂಧು ಅನ್ನುತ್ತೆ ಆ ಕಾಯ್ದೆ. ಕ್ರಯ ಮಾತ್ರ ಅಲ್ಲ ಗೆಳೆಯರೇ. ದಾನ, ಅದಲುಬದಲು, ಭೋಗ್ಯ, ಗುತ್ತಿಗೆ ಎಲ್ಲವೂ 'ವರ್ಗಾವಣೆ'ಯೇ. ಪಿರಿಯಾಪಟ್ಟಣ, ಹುಣಸೂರು ಕಡೆ ಹೊಗೆಸೊಪ್ಪಿಗೆ ಅಂತ ವರ್ಷಗಟ್ಟಲೆ ಭೋಗ್ಯಕ್ಕೆ ಹೋಗಿ, ಮೇಲೆ ಬ್ಯಾರನ್ ಎದ್ದು, ಕೊನೆಗೆ ಜಮೀನು ಯಾರದು ಅನ್ನೋದೇ ಮರೆತುಹೋದ ಹೊಲಗಳು ಎಷ್ಟಿವೆ ನೋಡಿ. ಕೆ.ಆರ್. ನಗರದ ನಾಲೆ ಬಯಲಲ್ಲಿ ಗದ್ದೆಯ ಬೆಲೆ ಏರಿದಷ್ಟೂ ವಾಪಸ್ ಕೇಳೋ ಬಾಯಿಗಳನ್ನ ಮುಚ್ಚಿಸೋ ಕೈಗಳೂ ಜಾಸ್ತಿಯಾದವು.

ಕೋರ್ಟಲ್ಲಿ ನಮ್ಮವರು ಸೋಲೋದು ಸತ್ಯ ಇಲ್ಲದೆ ಅಲ್ಲ. "ನಿಮ್ಮ ಜಮೀನು ಎಲ್ಲಿದೆ?" ಅಂದ್ರೆ "ಹೊಂಗೆಮರದ ತಾವ" ಅಂತಾರೆ. ಮರ ಹೋಗಿ ಎಷ್ಟೋ ವರ್ಷ ಆಗಿರುತ್ತೆ. ಗೋಮಾಳದ ಒಂದೇ ದೊಡ್ಡ ಸರ್ವೆ ನಂಬರಿನಲ್ಲಿ ಹತ್ತಾರು ಜನಕ್ಕೆ ಮಂಜೂರಾಗಿದೆ, ಪೋಡಿ ಆಗಿಲ್ಲ. ಪಹಣಿಯಲ್ಲಿ 'ಪೈಕಿ' ಅಂತಿದೆ, ನಕ್ಷೆಯಲ್ಲಿ ಗೆರೆ ಇಲ್ಲ. ಗೆರೆ ಇಲ್ಲದ ಕಡೆ ಬಲ ಇದ್ದವನದೇ ಗೆರೆ.

ವಿಚಿತ್ರ ನೋಡಿ. ಒಂದು ಕಾಲಕ್ಕೆ ಊರಿನ ಗೆರೆ ಇದ್ದದ್ದೇ ನಮ್ಮವರ ಕಾಲಲ್ಲಿ. ಊರ ಗಡಿಯ ಜಗಳ ಬಂದರೆ ತೀರ್ಮಾನ ಹೇಳೋನು ಕುಳವಾಡಿ. ಊರ ಮಣ್ಣಿನ ಉಂಡೆಯನ್ನ ತಲೆ ಮೇಲೆ ಹೊತ್ತು ಗಡಿಯುದ್ದಕ್ಕೂ ನಡೀಬೇಕಿತ್ತು. ಗೆರೆ ದಾಟಿದ್ರೆ ಉಂಡೆ ತಾನಾಗೇ ಒಡೆದುಹೋಗುತ್ತೆ, ಹದಿನೈದು ದಿನದಲ್ಲಿ ಅವನು ಸಾಯ್ತಾನೆ ಅಂತ ನಂಬಿಕೆ. ಮೈಸೂರು ಸೀಮೆಯ ಹೊಲೆಯರ ಬಗ್ಗೆ ಮೆಕೆಂಝಿ ಅನ್ನೋ ಇಂಗ್ಲಿಷ್ ಅಧಿಕಾರಿ ಇದನ್ನ ಬರೆದಿಟ್ಟ. 1909ರಲ್ಲಿ ಥರ್ಸ್ಟನ್ ತನ್ನ ಪುಸ್ತಕದಲ್ಲಿ ಸೇರಿಸಿದ. ಇಡೀ ಊರಿಗೆ ನಮ್ಮ ತಲೆಯೇ ನಕ್ಷೆ. ಪ್ರಾಣ ಪಣಕ್ಕಿಟ್ಟು ಬೇರೆಯವರ ಹೊಲದ ಗಡಿ ಹೇಳಿದವನ ಹೆಸರಲ್ಲಿ ಒಂದು ಗುಂಟೆ ಬರೀಲಿಲ್ಲ. ಬರೆದಿದ್ದು ತೋಟಿ ಇನಾಮು, ತಳವಾರಿಕೆ ಇನಾಮು. ಚಾಕರಿ ಮಾಡಿದ್ರೆ ಮಾತ್ರ ಅನ್ನ.

ಆಟ ಹಿಂಗೆ ನಡೆಯುತ್ತೆ. ಬಟ್ಟೆ ಹಾಸ್ತೀವಿ. ಚೌಕಾಬಾರ ಆಡೋ ಹಂಗೆ ಸುತ್ತ ಕೂರ್ತೀವಿ. ಮಂಜೂರಾಗಿ ಇನ್ನೂ ನಮ್ಮ ಉಳುಮೆಯಲ್ಲಿರೋ ಜಾಗಕ್ಕೆ ಹುಣಸೆಬೀಜ, ಕ್ರಯಕ್ಕೆ ಹೋದದ್ದಕ್ಕೆ ಅವರೆಕಾಳು, ಭೋಗ್ಯಕ್ಕೆ ಹೋದದ್ದಕ್ಕೆ ಸಣ್ಣ ಕಲ್ಲು, ಇನಾಮಿಗೆ ಕವಡೆ. ಮೊದಲು ವಯಸ್ಸಾದವರು ಇಡ್ತಾರೆ. ಕೆರೆ, ಬಂಡಿದಾರಿ ಗುರುತು ಹಿಡಿದ ಮೇಲೆ ಅವರನ್ನ ತಡೆಯೋಕಾಗಲ್ಲ. "ಇದು ಹಳ್ಳ ಅಲ್ವಾ, ಹಂಗಾರೆ ನಮ್ಮಪ್ಪಂದು ಇಲ್ಲೇ ಕಣ್ಲಾ!" ನಮ್ಮೂರಲ್ಲಿ ಅವರೆಕಾಳಿನ ತಟ್ಟೆ ಬೇಗ ಖಾಲಿಯಾಯ್ತು. ಹುಣಸೆಬೀಜ ಹಂಗೇ ಉಳೀತು. ಎಲ್ಲರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಪಾತ್ರ. ಎಸಿ ಸಾಹೇಬರು, ಅರ್ಜಿದಾರರು, ಎದುರು ಪಾರ್ಟಿ, ವಕೀಲ, ಸರ್ವೇಯರು. ಡಿಗ್ರಿ ಓದ್ತಿರೋ ಒಬ್ಬ ಹುಡುಗಿ ಎದುರು ಪಾರ್ಟಿ ವಕೀಲಳಾದಳು. ಕರುಣೆ ತೋರಿಸಬೇಡ ಅಂತ ಹೇಳಿದ್ದೆ, ತೋರಿಸಲಿಲ್ಲ. "ನಲವತ್ತು ವರ್ಷ ಸುಮ್ಮನಿದ್ದು ಈಗ ಯಾಕೆ ಬಂದ್ರಿ?" ಇದು ನಿಜವಾದ ಕೋರ್ಟಲ್ಲೂ ಬರೋ ಪ್ರಶ್ನೆ. 2017ರಲ್ಲಿ ಸುಪ್ರೀಂ ಕೋರ್ಟು ತಡವಾಗಿ ಬಂದ ಅರ್ಜಿ ನಿಲ್ಲಲ್ಲ ಅಂದಮೇಲೆ ಎಷ್ಟೋ ಕೇಸು ಬಿದ್ದುಹೋದವು. ಹೋರಾಟ ಮಾಡಿ ಮಾಡಿ 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಆದ್ರೂ 'ತಡ' ಅನ್ನೋ ವಾದ ಇನ್ನೂ ಸತ್ತಿಲ್ಲ.

ಅರ್ಜಿದಾರರಾಗಿದ್ದ ದೊಡ್ಡವ್ವ ಒಬ್ಬರು ತಲೆ ತಗ್ಗಿಸಿದ್ರು. ಆಮೇಲೆ ಹೇಳಿದ್ರು: "ನಮ್ಮನೆಯೋರು ಅವರ ಮನೇಲೇ ಜೀತ ಇದ್ರು ಕಣವ್ವ. ದಣಿ ಮನೆ ಅಂಬಲಿ ಕುಡ್ಕಂಡು ದಣಿ ಮ್ಯಾಲೆ ಅರ್ಜಿ ಹಾಕಕ್ಕಾಯ್ತದಾ?"

ವಕೀಲಳಾಗಿದ್ದ ಹುಡುಗಿಗೆ ಮಾತು ಹೊರಡಲಿಲ್ಲ. ಅವಳು ಆ ದೊಡ್ಡವ್ವನ ಮೊಮ್ಮಗಳು. ಮನೆಯಲ್ಲಿ ಈ ಮಾತು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಆ ಉತ್ತರವನ್ನ ಹಂಗೇ ಬರ್ಕೊಂಡ್ವಿ. ಅವರ ಪ್ರಮಾಣಪತ್ರದಲ್ಲಿ ಈಗ ಅದು ಒಂದು ಪ್ಯಾರಾ. ಕೇಸು ನಡೀತಿದೆ, ಅದಕ್ಕೆ ಊರಿನ ಹೆಸರು ಬರೀತಿಲ್ಲ. ಕುರ್ಚಿ ಮೇಲೆ ಕೂತಿದ್ದ ಅಜ್ಜಿ ಆವತ್ತಿನ ಎಸಿ. ಅವರ ಆರ್ಡರ್ ಮಾತ್ರ ಒಂದೇ ಸಾಲು: "ಮೊದ್ಲು ಸಾಗುವಳಿ ಚೀಟಿ ತಕ್ಕಬಾ, ಆಮ್ಯಾಕೆ ಮಾತಾಡು."

ಅಜ್ಜಿ ಹೇಳಿದ್ದೇ ಸರಿ. ನಕ್ಷೆ ಹಕ್ಕುಪತ್ರ ಅಲ್ಲ. ಬಟ್ಟೆ ತೋರಿಸಿ ಯಾರೂ ಗೆಲ್ಲಲ್ಲ. ಸರ್ವೆ ನಂಬರ್ ಕೈಗೆ ಸಿಕ್ಕಮೇಲೆ ಸಾಗುವಳಿ ಚೀಟಿ, ದರಖಾಸ್ತು ರಿಜಿಸ್ಟರ್, ಮ್ಯುಟೇಶನ್, ಟಿಪ್ಪಣಿ, ಆಕಾರಬಂದ್‌ಗೆ ದೃಢೀಕೃತ ನಕಲು ಕೇಳಿ ಅರ್ಜಿ ಹಾಕಿ. ನಂಬರ್ ಹೇಳದೆ ಹೋದ್ರೆ ರೆಕಾರ್ಡ್ ರೂಮಿನಿಂದ 'ನಾಳೆ ಬಾ'. ನಂಬರ್ ಹೇಳಿದ್ರೆ ಆ ನೆಪ ಇಲ್ಲ. ಹೊಲದಲ್ಲೇ ನಿಂತು ನಂಬರ್ ನೋಡಬೇಕಂದ್ರೆ ಫೋನಲ್ಲಿ 'ದಿಶಾಂಕ್' ಆ್ಯಪ್ ಇದೆ.

ಕೋಟೆ ಕಡೆಯ ಹಾಡಿಗಳಿಗೆ ಇದು ಹಿಂಗೇ ನಡೆಯಲ್ಲ. ಜೇನುಕುರುಬರ, ಬೆಟ್ಟಕುರುಬರ ಹಾಡಿಗಳು ಕಂದಾಯ ಗ್ರಾಮಗಳ ಪಟ್ಟಿಯಲ್ಲಿ ಹುಡುಕಿದ್ರೆ ಸಿಗೋದು ಅಪರೂಪ. ನಾಗರಹೊಳೆಯಿಂದ ಎಬ್ಬಿಸಿ ಹುಣಸೂರಿನ ನಾಗಾಪುರಕ್ಕೆ ತಂದವರ ಹಳೇ ಹಾಡಿ ಯಾವ ಪಿಡಿಎಫ್‌ನಲ್ಲಿದೆ? ಅಲ್ಲಿ ಖಾಲಿ ಬಟ್ಟೆ ಹಾಸಿ, ಅವರೇ ಬರೀಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಹಿರಿಯರ ಹೇಳಿಕೆಯೂ ಸಾಕ್ಷಿ, ಸಮಾಧಿಗಳೂ ಸಾಕ್ಷಿ. ಮುಂದಿನ ತಿಂಗಳು ಅಲ್ಲಿನ ಗೆಳೆಯರ ಜೊತೆ ಕೂರ್ತೀವಿ.

ನಾವು ಬಟ್ಟೆ ಹಾಸಿದ್ದ ದಿನ ಮೇಲ್ಕೇರಿಯ ಯಜಮಾನರೊಬ್ಬರು ಬಂದು ನಿಂತ್ರು. "ನಮ್ಮೂರ ನಕ್ಷೆ ನಿಮ್ ಕೈಗೆ ಯಾರು ಕೊಟ್ಟೋರು?" ನಮ್ಮ ಹುಡುಗ ಫೋನ್ ತೋರಿಸಿದ: "ಸರ್ಕಾರ ಕೊಟ್ಟದೆ ಗೌಡ್ರೇ. ಬಿಟ್ಟಿ. ನಿಮಗೂ ಬೇಕಾ?" ಅವರು ಕೂರಲಿಲ್ಲ, ಆದ್ರೆ ಬಗ್ಗಿ ತಮ್ಮ ಹೊಲ ಹುಡುಕಿದ್ರು.

ಗಡಿ ಗೊತ್ತಿರೋ ತಲೆಗಳು ನಮ್ಮ ಕೇರಿಗಳಲ್ಲಿ ಒಂದೊಂದೇ ಮಣ್ಣಾಗ್ತಿವೆ. ನಾಲ್ಕು ತಾಲ್ಲೂಕಿನ ಗೆಳೆಯರು ನಿಮ್ಮೂರ ನಕ್ಷೆ ಇವತ್ತೇ ಇಳಿಸ್ಕೊಳ್ಳಿ. ಬಟ್ಟೆಗೆ ದುಡ್ಡಿಲ್ಲ ಅಂದ್ರೆ ಅಕ್ರೋಬ್ಯಾಟ್‌ನಲ್ಲಿ 'ಪೋಸ್ಟರ್' ಅಂತ ಒತ್ತಿ, ಎ4 ಹಾಳೆಗಳಲ್ಲಿ ತೆಗೆದು ಮೈದಾ ಗೋಂದಲ್ಲಿ ಅಂಟಿಸಿ. ಅಳತೆ ಗೊತ್ತಾಗದಿದ್ರೆ ಇನ್‌ಬಾಕ್ಸಿಗೆ ಬನ್ನಿ. ಬೀಜ, ಕಾಳು ನಿಮ್ಮ ಮನೆಯವೇ ಸಾಕು.

ಜೈಭೀಮ್.