ಎರಡು ತೊಗರಿ ಗಿಡ ಮತ್ತು ಒಂದು ಅರ್ಜಿ

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸು, ರಿಲೀಸು, ಅದೇ ಗೋಳು. ದೀಪಾವಳಿಗೆ ಸೇಡಂಗೆ ಹೋಗಿ ಬಂದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ನಮ್ಮ ಕಾಕಾನ ಮಗಳು ಬಿ.ಎಸ್ಸಿ. ಮುಗಿಸಿದ್ದಾಳೆ. ಜರ್ಮನಿಯಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಮಾಡಬೇಕಂತೆ. ಅರ್ಜಿಯ ಜೊತೆ ಮೋಟಿವೇಶನ್ ಲೆಟರ್ ಅಂತ ಒಂದು ಕಾಗದ ಕೊಡಬೇಕು. ಇದನ್ನೇ ಯಾಕೆ ಓದಬೇಕು, ಅಲ್ಲಿಗೇ ಯಾಕೆ ಹೋಗಬೇಕು ಅಂತ ಅದರಲ್ಲಿ ಬರೆಯಬೇಕು. ಇಂಜಿನಿಯರ್ ಅಣ್ಣ ತಿದ್ದಿಕೊಡಲಿ ಅಂತ ನನ್ನ ಕೈಗೆ ಕೊಟ್ಟಳು. (ನಾನು ಇಂಜಿನಿಯರಿಂಗ್ ಸೇರಿದ್ದು ಸಿಇಟಿಯಲ್ಲಿ ಸೀಟು ಸಿಕ್ಕಿತು ಅಂತ. ನನ್ನನ್ನು ಯಾರೂ 'ಯಾಕೆ' ಅಂತ ಕೇಳಲೇ ಇಲ್ಲ!)

ಓದಿದೆ. "ಬಾಲ್ಯದಿಂದಲೂ ಜೀವದ ರಹಸ್ಯಗಳ ಬಗ್ಗೆ ನನಗೆ ಅಪಾರ ಕುತೂಹಲ..."

"ಇದು ಎಲ್ಲಿಂದ ತಂದಿ?" ಅಂದೆ. ನಕ್ಕಳು. ನೆಟ್‌ನಲ್ಲಿ ಸಿಕ್ಕ ನಮೂನೆ.

"ಖರೇ ಯಾಕ ಓದಬೇಕು ಅಂತಿ, ಅದ್ನ ಬರಿ."

ಮರುದಿನ ಬೆಳಿಗ್ಗೆ ಹೊಲಕ್ಕೆ ಕರೆದುಕೊಂಡು ಹೋದಳು. ವಾಡಿ, ಸೇಡಂ ಅಂದರೆ ಸಿಮೆಂಟು, ಶಹಾಬಾದ್ ಅಂದರೆ ನೆಲಕ್ಕೆ ಹಾಸುವ ಕಲ್ಲು ಅಂತ ಎಲ್ಲರಿಗೂ ಗೊತ್ತು. ಆದರೆ ಆ ಕಲ್ಲಿನ ಮೇಲಿನ ಮಣ್ಣಿನಲ್ಲಿ ಚಿತ್ತಾಪುರದಿಂದ ಚಿಂಚೋಳಿವರೆಗೂ ಕಾಣೋದು ತೊಗರಿಯೇ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ.

ಕಾಕಾನ ಹೊಲ ಹಳದಿ ಹೂ ಬಿಟ್ಟಿತ್ತು. ನಡುವೆ ಅಲ್ಲಲ್ಲಿ ಒಣಗಿದ ತೇಪೆಗಳು. ನೆಟೆ ರೋಗ. ಅವಳು ಒಂದು ಗಿಡ ಕಿತ್ತು ಕಾಂಡ ಸೀಳಿ ತೋರಿಸಿದಳು. ಒಳಗೆ ಕಪ್ಪು ಗೆರೆ. ಫ್ಯುಸೇರಿಯಂ ಉಡಮ್ ಅನ್ನೋ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು, ನೀರು ಏರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ನೆಲದಲ್ಲಿ ತೇವ ಇದ್ದರೂ ಗಿಡ ನೀರಿಲ್ಲದೆ ಸಾಯುತ್ತದೆ. ಬಟ್ಲರ್ ಅನ್ನೋ ವಿಜ್ಞಾನಿ ಈ ರೋಗದ ಬಗ್ಗೆ ಬರೆದದ್ದು 1906ರಲ್ಲಿ! ಆಮೇಲೆ ರೋಗ ತಡೆಯುವ ಮಾರುತಿ, ಆಶಾ ತಳಿಗಳು ಬಂದವು. ಆದರೂ 2022-23ರಲ್ಲಿ ನಮ್ಮ ಜಿಲ್ಲೆಯಲ್ಲಿ ಒಣಗಿದ ಹೊಲಗಳಿಗೆ ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಆ ವರ್ಷ ಕಾಕಾ ರಾಶಿಯನ್ನೇ ಮಾಡಲಿಲ್ಲ.

"ನೋಡಣ್ಣಾ, ಇದು ಸತ್ತದ, ಮಗ್ಗಲಿಂದು ಹಸರದ. ಒಂದೇ ಬೀಜ, ಒಂದೇ ಮಣ್ಣು. ಅದರೊಳಗ ಏನ್ ನಡದದ?"

ಸೋಂಕು ತಗುಲಿದಾಗ ತೊಗರಿ ಗಿಡ ಕಜಾನಾಲ್ ಅನ್ನೋ ರಾಸಾಯನಿಕವನ್ನು ತಾನೇ ತಯಾರಿಸಿಕೊಂಡು ಶಿಲೀಂಧ್ರದ ಜೊತೆ ಹೊಡೆದಾಡುತ್ತದಂತೆ. ಯಾವ ಗಿಡ ಯಾವಾಗ, ಎಷ್ಟು ತಯಾರಿಸುತ್ತದೆ ಅಂತ ತಾನೇ ಅಳೆದು ನೋಡಬೇಕು ಅಂದಳು. ನನಗೆ ಅರ್ಧ ಅರ್ಥವಾಯಿತು, ಆದರೆ ಕಾಗದ ಅಲ್ಲೇ ಸಿಕ್ಕಿತು.

"ಅದಕ್ಕ ಜರ್ಮನಿ ಯಾಕ? ಪಟಾನ್‌ಚೆರುನಾಗ ಇಕ್ರಿಸ್ಯಾಟ್ ಅದ ಅಲ್ಲ?" ಅಂದೆ. ತೊಗರಿಯ ಜೀನೋಮನ್ನು 2011ರಲ್ಲಿ ಪ್ರಕಟಿಸಿದ ತಂಡದ ಮುಂದಾಳು ಅವರೇ, ನಮಗೆ ಹತ್ತಿರ ಬೇರೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಲ್ಲಿದ್ರ ಪ್ರತಿ ಹಬ್ಬಕ್ಕ ನೋಡ್ಲಾಕ ಗಂಡಿನ ಕಡಿಯವ್ರು ಬರ್ತಾರ ಅಣ್ಣಾ."

ಇದಕ್ಕೆ ನಾನೇನು ತಿದ್ದಲಿ?

ಅಲ್ಲಿನ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ವೀಸಾಕ್ಕೆ ಒಂದು ವರ್ಷದ ಖರ್ಚನ್ನು ಮೊದಲೇ ಖಾತೆಯಲ್ಲಿ ತೋರಿಸಬೇಕು. 2024ರಲ್ಲಿ ಅದನ್ನು 11,904 ಯೂರೋಗೆ ಏರಿಸಿದರು. ಹತ್ತು ಲಕ್ಷದ ಮೇಲಾಯಿತು. ಕಾಕಾ ಎರಡು ಎಕರೆ ಮಾರುವ ಮಾತಾಡುತ್ತಿದ್ದಾರೆ. ಅದೇ ಹೊಲ, ನೆಟೆ ಬಿದ್ದ ಕಡೆಯದು.

ನಾಲ್ಕು ಲಕ್ಷ ನಾನು ಹಾಕುತ್ತೇನೆ, ಉಳಿದದ್ದಕ್ಕೆ ಬ್ಯಾಂಕ್ ಸಾಲ ನೋಡೋಣ ಅಂದಿದ್ದೇನೆ. ಕಾಗದ ಈಗ ಆ ಎರಡು ಗಿಡಗಳಿಂದ ಶುರುವಾಗುತ್ತದೆ. ಗಂಡಿನ ಕಡೆಯವರ ವಿಷಯ ಬಿಟ್ಟಿದ್ದೇವೆ :)

ಕಾಕಾ ಇನ್ನೂ ಹೂಂ ಅಂದಿಲ್ಲ.