ಬೆಂಗಳೂರು ಪ್ಲ್ಯಾನು ಮತ್ತು ಆಯಿಯ ಕೊಡ

ಇದು ಪ್ರವಾಸ ಕಥನ ಅಲ್ಲ. ಯಾಕಂದ್ರೆ ನಾವು ಇನ್ನೂ ಹೋಗಿಯೇ ಇಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಹುಟ್ಟಿದ ಪ್ಲ್ಯಾನುಗಳು ಹೆಚ್ಚಾಗಿ ಹಾಸ್ಟೆಲ್‌ನಲ್ಲೇ ಸಾಯುತ್ತವೆ. ಗೋವಾ ಪ್ಲ್ಯಾನು ಫಸ್ಟ್ ಇಯರ್‌ನಿಂದ ಐಸಿಯುನಲ್ಲಿದೆ. ಆದರೆ ಈ ಸಲ ಟಿಕೆಟ್ ಬುಕ್ ಮಾಡಿದ್ದೇವೆ, ಅಷ್ಟರಮಟ್ಟಿಗೆ ಸೀರಿಯಸ್.

ಶುರುವಾಗಿದ್ದು ಒಂದು ರೀಲ್‌ನಿಂದ. ಬೆಂಗಳೂರಿನ ರಸ್ತೆಯ ಎರಡೂ ಕಡೆ ಎಲೆಯೇ ಕಾಣದಂತೆ ಗುಲಾಬಿ ಹೂ ಬಿಟ್ಟ ಮರಗಳು. ಟಬೆಬುಯಾ ಅಂತ ಹೆಸರು, ಮೂಲ ಅಮೆರಿಕ ಖಂಡದ್ದು. ಒಂದು ಜಾತಿಯ ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಜಾತಿ ಶುರು ಮಾಡಬೇಕು, ಊರಲ್ಲಿ ವರ್ಷವಿಡೀ ಎಲ್ಲೋ ಒಂದು ಕಡೆ ಹೂ ಇರಬೇಕು ಅನ್ನೋದು ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜರ್ಮನಿಯ ಕ್ರುಂಬಿಗೆಲ್ ಅವರ ಲೆಕ್ಕಾಚಾರ. 1980ರ ದಶಕದಲ್ಲಿ ಅರಣ್ಯ ಅಧಿಕಾರಿ ನೇಗಿನಹಾಳ ಅವರು ಲಕ್ಷಗಟ್ಟಲೆ ಗಿಡ ನೆಡಿಸಿದರಂತೆ. ನಾನು ಗಿಣಿಗೇರಾದವನು. ನಮ್ಮಲ್ಲಿ ವಸಂತ ಅಂದ್ರೆ ಬೇವು ಚಿಗುರಿ ಆ ಚಿಗುರಿನ ಮೇಲೆ ಫ್ಯಾಕ್ಟರಿಯ ಕಪ್ಪು ಧೂಳು ಕೂರುವ ಕಾಲ. ಹಾಗಾಗಿ ನಂಗೆ ಆ ರೀಲ್ ಮೂರು ಸಲ ನೋಡಬೇಕು ಅನ್ನಿಸಿತು.

ಬರೀ ಹೂ ನೋಡೋಕೆ ಅಂದ್ರೆ ಮನೆಯಲ್ಲಿ ದುಡ್ಡು ಕೊಡಲ್ಲ, ಅದಕ್ಕೆ "ಮ್ಯೂಸಿಯಂ" ಸೇರಿಸಿದೆವು. ಆಮೇಲೆ ಬೆಳಗಾವಿಯವನು "ಆಂಟಿಕ್ ಶಾಪಿಂಗ್" ಸೇರಿಸಿದ. ಅವನಿಗೆ ರೀಲ್ ಹಾಕುವ ಹಳೇ ಕ್ಯಾಮೆರಾ ಬೇಕು. ಹಾವೇರಿಯವನಿಗೆ ಗ್ರಾಮೋಫೋನ್ ಪ್ಲೇಟು ಬೇಕು, ಗ್ರಾಮೋಫೋನ್ ಇಲ್ಲ. ನಂಗೆ ಹಿತ್ತಾಳೆ ಬೀಗ, ಬಿಚ್ಚಿ ಒಳಗಿನ ಮೆಕ್ಯಾನಿಸಂ ನೋಡೋಕೆ. ಯುಗಾದಿಗೆ ಮುಂಚಿನ ಶನಿವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್. ಅವರು ಹುಬ್ಬಳ್ಳಿಯಲ್ಲಿ ಹತ್ತುತ್ತಾರೆ, ಊರಿಗೆ ಹೋಗಿರುವ ನಾನು ಕೊಪ್ಪಳದಲ್ಲಿ. ಭಾನುವಾರ ಬೆಳಿಗ್ಗೆ ಬೆಂಗಳೂರು. ಮೊದಲು ಕಬ್ಬನ್ ಪಾರ್ಕ್, ಆಮೇಲೆ ಮ್ಯೂಸಿಯಂ, ಸಂಜೆ ಅವೆನ್ಯೂ ರೋಡ್, ರಾತ್ರಿ ವಾಪಸ್. ತಲೆಗೆ ಎರಡೂವರೆ ಸಾವಿರ.

ಹೋದ ತಿಂಗಳು ಊರಿಗೆ ಹೋದಾಗ ಮನೆಯಲ್ಲಿ ಹೇಳಿದೆ. ಅಪ್ಪ ಕೇಳಿದ್ದು ಒಂದೇ, "ಇಟಗಿ ಮಹಾದೇವ ದೇವಸ್ಥಾನ ನೋಡೀಯೇನು?" ನೋಡಿಲ್ಲ. 1112ರಲ್ಲಿ ಕಟ್ಟಿದ್ದು, ಶಾಸನದಲ್ಲಿ ಅದನ್ನ ದೇವಾಲಯ ಚಕ್ರವರ್ತಿ ಅಂತ ಕರೆದಿದ್ದಾರೆ, ನಮ್ಮ ಜಿಲ್ಲೆಯಲ್ಲೇ ಇದೆ, ನಾನು ನೋಡಿಲ್ಲ. ಅಲ್ಲಿಗೆ ಆ ಮಾತು ಮುಗಿಸಿದೆ.

ಆಯಿ (ಅಪ್ಪನ ಅವ್ವ) ಮಾತ್ರ ಆಸಕ್ತಿಯಿಂದ ಕೇಳಿದಳು, "ಹಳೇ ಸಾಮಾನು ರೊಕ್ಕಾ ಕೊಟ್ಟು ತಗೋತಾರೇನೋ ತಮ್ಮಾ?" ಫೋನ್‌ನಲ್ಲಿ ತೋರಿಸಿದೆ. ಒಂದು ಹಿತ್ತಾಳೆ ಕೊಡ, ಕೆಳಗೆ "ವಿಂಟೇಜ್" ಅಂತ ಬರೆದು ಒಂಬತ್ತು ಸಾವಿರ ರೇಟು ಹಾಕಿದ್ದರು. ನಗ್ತಾಳೆ ಅಂದುಕೊಂಡಿದ್ದೆ. ಆಯಿ ಫೋನನ್ನ ಹತ್ತಿರ ತಂದುಕೊಂಡು, ಫೋಟೋದಲ್ಲಿದ್ದ ಕೊಡದ ಕಂಠದ ಮೇಲೆ ಹೆಬ್ಬೆರಳು ಇಟ್ಟು ಸವರಿದಳು. ಸ್ಕ್ರೀನು ಸರಿದು ಕೊಡ ಮೇಲೆ ಹೋಯ್ತು, ಕೆಳಗಿನಿಂದ ಯಾವುದೋ ಟೇಬಲ್ ಫ್ಯಾನ್ ಬಂತು. "ಎಲ್ಲಿ ಹೋತು?" ಅಂದಳು.

ಅವಳು ಹುಡುಕುತ್ತಿದ್ದದ್ದು ಹೆಸರು. ಮೊದಲು ಪಾತ್ರೆಗಳ ಮೇಲೆ ಹೆಸರು ಹಾಕಿಸುತ್ತಿದ್ದರು, ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಬಡಿದು. ಮದುವೆಗೆ, ಜಾತ್ರೆಗೆ ಓಣಿಯ ಪಾತ್ರೆಗಳೆಲ್ಲ ಒಂದೇ ಮನೆಗೆ ಹೋಗುತ್ತಿದ್ದವಲ್ಲ, ವಾಪಸ್ ಬರುವಾಗ ಯಾರದ್ದು ಯಾವುದು ಅಂತ ಗೊತ್ತಾಗಬೇಕು. ಆಯಿಗೆ ಓದೋಕೆ ಬರಲ್ಲ. ಆದರೆ ತನ್ನ ಕೊಡ ಅವಳಿಗೆ ಕತ್ತಲಲ್ಲೂ ಸಿಗುತ್ತಿತ್ತು. ಹೆಸರಿನ ಕೊನೆಯ "ವ್ವ"ದ ಒತ್ತಿನಲ್ಲಿ ಒಂದು ಚುಕ್ಕಿ ಆಳಕ್ಕೆ ಬಿದ್ದು ಬೆರಳಿಗೆ ಚುಚ್ಚುತ್ತಿತ್ತಂತೆ. ಅವಳ ತವರಿನವರು ಮದುವೆಯಲ್ಲಿ ಕೊಟ್ಟ ಎರಡು ಕೊಡ, ಒಂದು ತಾಮ್ರದ ಹಂಡೆ, ಒಂದು ತಂಬಿಗೆ. ನಾಲ್ಕರ ಮೇಲೂ ಅದೇ ಹೆಸರು.

ಇವತ್ತು ಮನೆಯಲ್ಲಿರುವುದು ತಂಬಿಗೆ ಒಂದೇ. ಉಳಿದದ್ದು 2020ರಲ್ಲಿ ಹೋಯಿತು. ಆಗ ನಾನು ಒಂಬತ್ತನೇ ಕ್ಲಾಸು, ಇಂಗ್ಲಿಷ್ ಮೀಡಿಯಂ, ಕ್ಲಾಸುಗಳೆಲ್ಲ ಆನ್‌ಲೈನು, ಮನೆಯಲ್ಲಿ ಇದ್ದದ್ದು ಬಟನ್ ಫೋನು. ಅಪ್ಪನಿಗೆ ಎರಡು ತಿಂಗಳಿಂದ ಕೆಲಸ ಇರಲಿಲ್ಲ. ಕೊಡ, ಹಂಡೆ ಎಲ್ಲ ಗೋಣಿಚೀಲದಲ್ಲಿ ಕಟ್ಟಿ ಸ್ಕೂಟರ್ ಮೇಲೆ ಇಟ್ಟುಕೊಂಡು ಹೋದ. ಕಿಲೋ ಲೆಕ್ಕದಲ್ಲಿ ಬಂದ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಫೋನ್ ತಂದ. ಆಯಿ ಆಗ ಏನೂ ಅಂದಿರಲಿಲ್ಲ. ನಾನೂ ಏನೂ ಕೇಳಿರಲಿಲ್ಲ. ಖುಷಿಯಾಗಿದ್ದೆ, ಸುಳ್ಳು ಯಾಕೆ ಹೇಳಲಿ. ಹೊಸ ಫೋನು.

ಈಗ ಆಯಿ ಹೇಳಿದಳು, "ಹಂಗಾರ ನಮ್ಮ ಕೊಡಾನೂ ಅಲ್ಲೇ ಕುಂತಿರಬೇಕು. ನೋಡಿಕೋತ ಹೋಗು."

ಮಟೀರಿಯಲ್ಸ್ ಸಬ್ಜೆಕ್ಟ್ ಓದಿರುವ ನನಗೆ ಉತ್ತರ ಗೊತ್ತು. ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತು. 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, ಕರಗಿಸುವಾಗ ಸ್ವಲ್ಪ ಸತು ಬಿಳಿ ಹೊಗೆಯಾಗಿ ಹೋಗುತ್ತದೆ, ಉಳಿದದ್ದು ನಲ್ಲಿಯೋ ವಾಲ್ವೋ ಆಗುತ್ತದೆ. ಕಿಲೋ ಲೆಕ್ಕದಲ್ಲಿ ಹೋದದ್ದರ ಗತಿ ಹೆಚ್ಚಾಗಿ ಅದೇ. ಇಂಟರ್ನಲ್ಸ್‌ನಲ್ಲಿ ಇದನ್ನೇ ಬರೆದು ಫುಲ್ ಮಾರ್ಕ್ಸ್ ತಗೊಂಡಿದ್ದೇನೆ. ಆಯಿಗೆ ಹೇಳೋಕೆ ಬಾಯಿ ಬರಲಿಲ್ಲ. "ನೋಡ್ತೀನಿ" ಅಂದೆ.

ಹಾಸ್ಟೆಲ್‌ಗೆ ಬಂದು ಪ್ಲ್ಯಾನ್ ಬದಲಾಯಿಸಿದೆ. ಕೆ.ಆರ್. ಮಾರ್ಕೆಟ್ ಸುತ್ತಮುತ್ತ ಭಾನುವಾರದ ಬಜಾರು ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ರಸ್ತೆ ಬದಿ ಹಾಸಿದ ಚೀಲದ ಮೇಲೆ ಗಡಿಯಾರ, ಸ್ಪ್ಯಾನರು, ಶೂ, ಪಾತ್ರೆ ಎಲ್ಲ ಇರುತ್ತವೆ. ಒಳ್ಳೆಯದು ಬೇಗ ಖಾಲಿ. ಹಾಗಾಗಿ ಹೂವಿಗಿಂತ ಮೊದಲು ಮಾರ್ಕೆಟ್, ಮೆಟ್ರೋದಲ್ಲಿ ಮೆಜೆಸ್ಟಿಕ್‌ನಿಂದ ಎರಡನೇ ಸ್ಟೇಷನ್, ಮೆಟ್ರೋ ಶುರುವಾಗಿರದಿದ್ದರೆ ನಡಿಗೆ. ರೂಮಿನಲ್ಲಿ ದೊಡ್ಡ ಜಗಳವೇ ಆಯ್ತು. ಬೆಳಗಿನ ಬೆಳಕಲ್ಲೇ ಫೋಟೋ ಚೆನ್ನಾಗಿ ಬರೋದು ಅಂತ ಬೆಳಗಾವಿಯವನ ವಾದ. ಕೊನೆಗೆ ಕಾರಣ ಹೇಳಬೇಕಾಯಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಿಕ್ಕರೆ ಹೆಸರು ಓದಬೇಡ, ಮುಖದಲ್ಲೇ ಗೊತ್ತಾಗುತ್ತೆ, ರೇಟ್ ಡಬಲ್ ಮಾಡ್ತಾರೆ. ನಾನು ಮಾತಾಡ್ತೀನಿ" ಅಂದ.

ಸುಮ್ಮನೆ ಕುತೂಹಲಕ್ಕೆ ಕಾಯಿದೆಯನ್ನೂ ಓದಿದೆ. 1972ರ ಪ್ರಾಚ್ಯವಸ್ತು ಕಾಯಿದೆ ಪ್ರಕಾರ ಇಂಥ ವಸ್ತುವಿಗೆ ಕನಿಷ್ಠ 100 ವರ್ಷ ಆಗಿರಬೇಕು, ಹಸ್ತಪ್ರತಿಗಾದರೆ 75. ಮಾರಲು ಲೈಸೆನ್ಸ್ ಬೇಕು. ಆಯಿಯ ಕೊಡಕ್ಕೆ ಅರವತ್ತೂ ಆಗಿರಲಿಕ್ಕಿಲ್ಲ. ಅಂದ್ರೆ ಕಾನೂನಿನ ಕಣ್ಣಲ್ಲಿ ಅದು ಬರೀ ಹಳೇ ಪಾತ್ರೆ.

ಮ್ಯೂಸಿಯಂ ಮಾತ್ರ ಲಿಸ್ಟಿನಿಂದ ತೆಗೆದಿಲ್ಲ. ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಇದೆ. ಹತ್ತನೇ ಶತಮಾನದ್ದು. ಹಂದಿಯ ಜೊತೆ ಹೋರಾಡಿ ಸತ್ತ ಒಂದು ಬೇಟೆನಾಯಿಗೆ ನೆಟ್ಟದ್ದು. ನಾಯಿಯ ಹೆಸರು ಕಾಳಿ. ಸಾವಿರ ವರ್ಷದ ಮೇಲಾದರೂ ಓದಬಹುದು. ಕಲ್ಲನ್ನ ಕಿಲೋ ಲೆಕ್ಕದಲ್ಲಿ ಯಾರೂ ತಗೊಳ್ಳಲ್ಲ, ಅದೊಂದು ಅನುಕೂಲ.

ಮೊನ್ನೆ ಮತ್ತೆ ಊರಿಗೆ ಹೋದಾಗ ತಂಬಿಗೆಯ ಮೇಲೆ ಡ್ರಾಯಿಂಗ್ ಕ್ಲಾಸಿನಲ್ಲಿ ಉಳಿದ ಹಾಳೆ ಸುತ್ತಿ ಪೆನ್ಸಿಲ್ ಉಜ್ಜಿದೆ. ಚುಕ್ಕಿಗಳು ಬಿಳಿಯಾಗಿ ಎದ್ದು ಬಂದವು. ಗುರುತಿಗೆ ಇರಲಿ ಅಂತ. ಆಯಿಗೆ ಹಾಳೆ ತೋರಿಸಿದರೆ, "ಇದು ಕೈಗೆ ಹತ್ತಂಗಿಲ್ಲಲ್ಲೋ" ಅಂದು ತಂಬಿಗೆಯನ್ನೇ ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚು ಅಂದಳು. ಮುಚ್ಚಿ ಸವರಿದೆ. ಮೊದಲ ಸಲ ಏನೂ ಗೊತ್ತಾಗಲಿಲ್ಲ. ಅವಳೇ ನನ್ನ ಹೆಬ್ಬೆರಳು ಹಿಡಿದು ಬಲಕ್ಕೆ ಸರಿಸಿದಳು. ಒತ್ತಕ್ಷರ ಸಿಕ್ಕಿತು.

"ಬ್ಯಾರೆದಾಕಿ ಹೆಸರಿದ್ದರ ತರಬ್ಯಾಡ ಮತ್ತ. ಆಕಿ ಮೊಮ್ಮಗನೂ ಹುಡಕಾಕ ಬಂದಿರತಾನ."

ಆಯ್ತು ಅಂದೆ. ನಮ್ಮ ಟಿಕೆಟ್ ಇನ್ನೂ ವೇಟಿಂಗ್ ಲಿಸ್ಟ್‌ನಲ್ಲಿದೆ, 14, 15, 16. ಹೋಗಲು ಹನ್ನೊಂದು ದಿನ ಇದೆ.